ಕೀಬೋರ್ಡ್, ಮೌಸ್: ವೈರ್ ಇರೋದು ಯಾರಿಗೆ, ವೈರ್‌ಲೆಸ್ ಯಾರಿಗೆ?

ಕೀಬೋರ್ಡ್ ಕೆಟ್ಟಿತು ಅಂದ ಕೂಡಲೇ ಓದುಗರಿಂದ ಬರುವ ಪ್ರಶ್ನೆ ಒಂದೇ: ವೈರ್ ಇರೋದು ತಗೊಳ್ಳಬೇಕೋ, ವೈರ್‌ಲೆಸ್ಸೋ? ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಎರಡನ್ನೂ ಪಕ್ಕಪಕ್ಕದಲ್ಲೇ ನೇತುಹಾಕಿರುತ್ತಾರೆ. ಸಾಧಾರಣ ವೈರ್ ಸೆಟ್ಟಿಗೆ ಐನೂರರಿಂದ ಒಂಬೈನೂರು ರೂಪಾಯಿ, ವೈರ್‌ಲೆಸ್ ಸೆಟ್ಟಿಗೆ ಸಾವಿರದ ಆಚೀಚೆ. ಅಂತರ ಇಷ್ಟೇ ಇರುವುದರಿಂದ ರೇಟು ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ನೀವು ಏನು ಟೈಪ್ ಮಾಡುತ್ತೀರಿ, ಎಂಥ ಜಾಗದಲ್ಲಿ ಕೂಡುತ್ತೀರಿ, ಇವೆರಡರ ಮೇಲೆ ತೀರ್ಮಾನ ಆಗಬೇಕು.

ಅವಸರ ಇದ್ದವರಿಗೆ ನೇರ ಉತ್ತರ: ಒಂದೇ ಮೇಜಿನಲ್ಲಿ ಕೂತು ಕನ್ನಡ ಟೈಪಿಂಗ್ ಅಥವಾ ಬಿಲ್ಲಿಂಗ್ ಮಾಡುವವರು ಕೀಬೋರ್ಡ್ ಮಟ್ಟಿಗೆ ವೈರ್ ಇರುವುದನ್ನೇ ಕೊಳ್ಳಿ. ಮೌಸ್ ಬೇಕಿದ್ದರೆ ವೈರ್‌ಲೆಸ್ ಇರಲಿ. ಎರಡೂ ಒಂದೇ ಜಾತಿಯವಾಗಿರಬೇಕೆಂದು ಯಾರೂ ಕಾನೂನು ಮಾಡಿಲ್ಲ. ಯಾಕೆ ಹೀಗೆ ಹೇಳುತ್ತಿದ್ದೇವೆ ಎಂಬುದು ಕೆಳಗಿನ ಹಂತಗಳಲ್ಲಿದೆ.

ಮೊದಲು ಮೂರು ಬಗೆ ಗೊತ್ತಿರಲಿ. ಒಂದು, ಯುಎಸ್‌ಬಿ ವೈರ್ ಇರುವುದು. ಎರಡು, ಡಾಂಗಲ್ ಇರುವ ವೈರ್‌ಲೆಸ್. ಡಾಂಗಲ್ ಎಂದರೆ ಯುಎಸ್‌ಬಿ ಪೋರ್ಟಿಗೆ ಚುಚ್ಚುವ, ಉಗುರಿನಷ್ಟು ದೊಡ್ಡದಾದ ರಿಸೀವರ್. ಮೂರು, ಬ್ಲೂಟೂತ್. ಇದಕ್ಕೆ ಡಾಂಗಲ್ ಬೇಡ, ಆದರೆ ಕಂಪ್ಯೂಟರಿನಲ್ಲೇ ಬ್ಲೂಟೂತ್ ಇರಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ, ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ಇರುವುದಿಲ್ಲ. ಪೆಟ್ಟಿಗೆ ಮೇಲೆ ಬರೀ ‘ವೈರ್‌ಲೆಸ್’ ಎಂದು ಬರೆದಿದ್ದರೆ ಎರಡರಲ್ಲಿ ಯಾವುದು ಎಂದು ಕೇಳಿಯೇ ದುಡ್ಡು ಕೊಡಿ.

ಹಂತ 1: ಪೋರ್ಟ್ ಎಣಿಸಿ, ಉದ್ದ ಅಳೆಯಿರಿ

ಮನೆಯಿಂದ ಹೊರಡುವ ಮುಂಚೆ ಸಿಪಿಯು ಹಿಂದೆ, ಮುಂದೆ ಎಷ್ಟು ಯುಎಸ್‌ಬಿ ಪೋರ್ಟ್ ಖಾಲಿ ಇವೆ ನೋಡಿ. ವೈರ್ ಸೆಟ್ಟಿಗೆ ಎರಡು ಪೋರ್ಟ್ ಬೇಕು. ಒಂದೇ ಡಾಂಗಲ್ ಇರುವ ವೈರ್‌ಲೆಸ್ ಸೆಟ್ಟಿಗೆ ಒಂದು ಸಾಕು. ಪ್ರಿಂಟರ್, ಬೆರಳಚ್ಚು ಸ್ಕ್ಯಾನರ್, ವೆಬ್‌ಕ್ಯಾಮ್ ಎಲ್ಲ ಹಾಕಿಕೊಂಡು ಕೂತ ಸೇವಾ ಕೇಂದ್ರದವರಿಗೆ ಈ ಒಂದು ಪೋರ್ಟ್ ಉಳಿತಾಯ ನಿಜಕ್ಕೂ ದೊಡ್ಡದು. ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ಹಾಕಿ ಸುಧಾರಿಸುತ್ತೇವೆ ಎನ್ನುವವರು ಒಂದು ಲೆಕ್ಕ ತಿಳಿದಿರಿ: ಬೇರೆ ಅಡಾಪ್ಟರ್ ಇಲ್ಲದ ಯುಎಸ್‌ಬಿ 2.0 ಹಬ್ಬಿಗೆ ಸಿಗುವುದು ಒಟ್ಟು 500 ಮಿಲಿಆಂಪಿಯರ್, ಅದನ್ನೇ ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ಬೆರಳಚ್ಚು ಸ್ಕ್ಯಾನರನ್ನು ಯಾವಾಗಲೂ ನೇರವಾಗಿ ಸಿಪಿಯುಗೆ ಚುಚ್ಚಿ, ಕೀಬೋರ್ಡ್ ಮೌಸ್ ಹಬ್ಬಿನಲ್ಲಿರಲಿ.

ವೈರ್ ಉದ್ದ ಸಾಮಾನ್ಯವಾಗಿ ಒಂದೂವರೆ ಮೀಟರ್ ಸುತ್ತಮುತ್ತ. ಸಿಪಿಯು ಮೇಜಿನ ಕೆಳಗೆ, ಪೋರ್ಟ್ ಹಿಂದೆ ಇದ್ದರೆ ಅಷ್ಟು ಸಾಲುತ್ತದೋ ಇಲ್ಲವೋ ಒಂದು ದಾರ ಹಿಡಿದು ಅಳೆದು ನೋಡಿ. ಎಕ್ಸ್‌ಟೆನ್ಶನ್ ಹಾಕುವುದಾದರೆ ಒಟ್ಟು ಉದ್ದ 3 ಮೀಟರ್ ದಾಟದಿರಲಿ.

ಹಳೇ ಕಂಪ್ಯೂಟರಿನಲ್ಲಿ ನೇರಳೆ, ಹಸಿರು ಬಣ್ಣದ ದುಂಡನೆಯ ಪೋರ್ಟ್ ಕಂಡರೆ ಅದು ಪಿಎಸ್/2. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಅದಕ್ಕೆಂದೇ ಕನೆಕ್ಟರ್ ಹುಡುಕುತ್ತಾ ಅಲೆಯಬೇಡಿ, ಅದೇ ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್ ಸಾಕು.

ಹಂತ 2: ಕನ್ನಡ ಟೈಪಿಂಗ್ ಹೇಗೆ ಮಾಡುತ್ತೀರಿ?

ಜನ ಎಡವುವುದು ಇಲ್ಲೇ. ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಚೆಂದದ ಪುಟ್ಟ ವೈರ್‌ಲೆಸ್ ಕೀಬೋರ್ಡ್ ತರುತ್ತಾರೆ, ಮನೆಗೆ ಬಂದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ತೆರೆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುವುದೇ ಇಲ್ಲ.

ಕಾರಣ ಸ್ಕ್ರೋಲ್ ಲಾಕ್ ಕೀ. ನುಡಿಯಲ್ಲಿ ಕನ್ನಡ, ಇಂಗ್ಲಿಷ್ ನಡುವೆ ಬದಲಾಯಿಸಲು ಸಾಮಾನ್ಯವಾಗಿ ಬಳಸುವುದು ಅದನ್ನೇ. ಜಾಗ ಉಳಿಸುವ ಚಿಕ್ಕ ಕೀಬೋರ್ಡ್‌ಗಳಲ್ಲಿ ಆ ಕೀ ಒಂದೋ ಇರುವುದೇ ಇಲ್ಲ, ಇಲ್ಲವೇ ಎಫ್ಎನ್ ಕೀ ಜೊತೆ ಇನ್ನೊಂದನ್ನು ಒತ್ತಬೇಕು. ದಿನಕ್ಕೆ ನೂರು ಸಲ ಭಾಷೆ ಬದಲಿಸುವ ಡಿಟಿಪಿಯವರಿಗೆ, ಅರ್ಜಿ ಬರೆಯುವವರಿಗೆ ಎರಡು ಕೈ ಬೇಕಾಗುವ ಈ ವ್ಯವಸ್ಥೆ ದೊಡ್ಡ ತಲೆನೋವು. ಅನೇಕ ಲ್ಯಾಪ್‌ಟಾಪ್‌ಗಳಲ್ಲೂ ಈ ಕೀ ಇಲ್ಲ. ಅಂಥ ಲ್ಯಾಪ್‌ಟಾಪ್ ಇರುವವರು ಬೇರೆ ಕೀಬೋರ್ಡ್ ಕೊಳ್ಳುವುದೇ ಇದಕ್ಕಾಗಿ, ಹಾಗಾಗಿ ಅದಿಲ್ಲದ ಕೀಬೋರ್ಡ್ ತಂದರೆ ಹಾಕಿದ ದುಡ್ಡು ದಂಡ.

ಎರಡನೆಯದು ದೀಪ. ವೈರ್ ಕೀಬೋರ್ಡಿನ ಬಲ ಮೂಲೆಯಲ್ಲಿ ನಮ್ ಲಾಕ್, ಕ್ಯಾಪ್ಸ್ ಲಾಕ್, ಸ್ಕ್ರೋಲ್ ಲಾಕ್ ದೀಪಗಳಿರುತ್ತವೆ. ಸ್ಕ್ರೋಲ್ ಲಾಕ್ ದೀಪ ಹತ್ತಿದೆ ಎಂದರೆ ಕನ್ನಡದಲ್ಲಿದ್ದೀರಿ ಎಂದು ಕಣ್ಣಂಚಿನಲ್ಲೇ ಗೊತ್ತಾಗುತ್ತದೆ. ಬ್ಯಾಟರಿ ಉಳಿಸಲು ಹೆಚ್ಚಿನ ವೈರ್‌ಲೆಸ್ ಕೀಬೋರ್ಡ್‌ಗಳು ಈ ದೀಪಗಳನ್ನೇ ತೆಗೆದುಬಿಟ್ಟಿವೆ. ಅರ್ಧ ಸಾಲು ಟೈಪ್ ಆದ ಮೇಲೆ ತಲೆ ಎತ್ತಿ ನೋಡಿದರೆ ಎಲ್ಲ ಇಂಗ್ಲಿಷ್ ಅಕ್ಷರ! ಎಕ್ಸೆಲ್ ಬಳಸುವವರಿಗೆ ಇನ್ನೊಂದು ತೊಡಕಿದೆ. ಸ್ಕ್ರೋಲ್ ಲಾಕ್ ಆನ್ ಇದ್ದಾಗ ಬಾಣದ ಕೀ ಒತ್ತಿದರೆ ಮುಂದಿನ ಮನೆಗೆ ಹೋಗುವ ಬದಲು ಇಡೀ ಹಾಳೆಯೇ ಸರಿಯುತ್ತದೆ. ದೀಪ ಇಲ್ಲದ ಕೀಬೋರ್ಡಿನಲ್ಲಿ ಹೀಗಾದರೆ ಜನ ಕೀಬೋರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಮೂರನೆಯದು ಕೀಗಳ ಮೇಲಿನ ಹೊರೆ. ನುಡಿಯಲ್ಲಿ ಬಳಸುವ ಕನ್ನಡ ಗಣಕ ಪರಿಷತ್ತಿನ ವಿನ್ಯಾಸದಲ್ಲಿ (ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ) ಒತ್ತಕ್ಷರಕ್ಕೆ ‘ಎಫ್’ ಬೇಕು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ. ದೀರ್ಘಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು. ಕನ್ನಡ ಟೈಪ್ ಮಾಡುವ ಕೀಬೋರ್ಡಿನಲ್ಲಿ ಬೇಗ ಸವೆಯುವುದು ಇವೇ ಎರಡು. ಎಡ ಶಿಫ್ಟ್ ಕೀ ಗಿಡ್ಡದಾಗಿ, ಪಕ್ಕದಲ್ಲೇ ಇನ್ನೊಂದು ಸಣ್ಣ ಕೀ ಇರುವ ಕೀಬೋರ್ಡ್ ಬೇಡ. ಕಿರುಬೆರಳು ಅಲ್ಲಿಗೇ ಹೋಗಿ ಬೀಳುತ್ತದೆ.

ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರಿಗೆ ಸ್ಕ್ರೋಲ್ ಲಾಕ್ ಚಿಂತೆ ಇಲ್ಲ. ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಅವರು ನೋಡಬೇಕಾದದ್ದು ಕೀಗಳ ಮೇಲ್ಮೈ: ಚಪ್ಪಟೆಯಾಗಿದ್ದರೆ ಕನ್ನಡ ಅಕ್ಷರದ ಸ್ಟಿಕ್ಕರ್ ಕೂಡುತ್ತದೆ, ಗುಳಿ ಬಿದ್ದ ಕೀಗಳಿಂದ ತಿಂಗಳೊಪ್ಪತ್ತಿನಲ್ಲಿ ಎದ್ದು ಬರುತ್ತದೆ.

ಈಗಾಗಲೇ ಸ್ಕ್ರೋಲ್ ಲಾಕ್ ಇಲ್ಲದ್ದನ್ನು ಕೊಂಡುಬಿಟ್ಟಿದ್ದರೆ: ವಿಂಡೋಸ್ ಕೀ ಮತ್ತು ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಓ, ಎಸ್, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ. ಅದರಲ್ಲಿನ ಸ್ಕ್ರೋಲ್ ಲಾಕ್ ಗುಂಡಿಯನ್ನು ಮೌಸಿನಿಂದ ಒತ್ತಬಹುದು. ಇದು ಅಂದಿನ ಕೆಲಸ ಸಾಗಿಸಲು ಮಾತ್ರ.

ಹಂತ 3: ವೈರ್‌ಲೆಸ್ಸಿನ ಮೂರು ಬೇನೆಗಳನ್ನು ನಿಮ್ಮ ಕೆಲಸಕ್ಕೆ ಹಚ್ಚಿ ನೋಡಿ

ನಿದ್ದೆ. ಬ್ಯಾಟರಿ ಉಳಿಸಲು ವೈರ್‌ಲೆಸ್ ಕೀಬೋರ್ಡ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮಲಗಿಬಿಡುತ್ತದೆ. ಎಬ್ಬಿಸುವ ಮೊದಲ ಒತ್ತು ಅಗ್ಗದ ಸೆಟ್‌ಗಳಲ್ಲೂ ಬ್ಲೂಟೂತಿನಲ್ಲೂ ಕೆಲವೊಮ್ಮೆ ದಾಖಲಾಗುವುದಿಲ್ಲ. ಪತ್ರ ಬರೆಯುವಾಗ ಇದು ದೊಡ್ಡದಲ್ಲ. ನೆಹರೂ ಗಂಜಿನ ಅಡತಿ ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡಿ ಮುಗಿಸಿ ಬಿಲ್ಲಿಗೆ 1250 ಎಂದು ಹೊಡೆದಾಗ ಪರದೆ ಮೇಲೆ 250 ಬಿದ್ದರೆ ದೊಡ್ಡದೇ. ಬಿಲ್ಲಿಂಗ್ ಕೌಂಟರಿಗೆ ವೈರ್ ಎನ್ನುವುದಕ್ಕೆ ಈ ಒಂದು ಕಾರಣ ಸಾಕು. ಜನ ಹೆದರುವ ‘ಸ್ಪೀಡ್ ಕಡಿಮೆ’ ಎಂಬುದು ಮಾತ್ರ ಹೆಚ್ಚಿನವರಿಗೆ ಲೆಕ್ಕಕ್ಕಿಲ್ಲ. ಸಾಧಾರಣ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. ಟೈಪಿಂಗಿಗೆ ಅದು ಧಾರಾಳ.

ಗದ್ದಲ. ಡಾಂಗಲ್, ಬ್ಲೂಟೂತ್, ಹಳೇ ವೈಫೈ ಮೂರೂ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ಒಂದೇ ರೇಡಿಯೋ ಪಟ್ಟಿಯಲ್ಲಿ. ಇದಕ್ಕಿಂತ ಹೆಚ್ಚು ಕಾಡುವುದು ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್. ಅಲ್ಲಿ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಓಡುವಾಗ ಹುಟ್ಟುವ ರೇಡಿಯೋ ಗದ್ದಲ ಇದೇ ಪಟ್ಟಿಗೆ ಬಂದು ಬೀಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಪ್ರಕಟಿಸಿತ್ತು. ಬ್ಯಾಕಪ್ ತೆಗೆಯುವಾಗ ಮಾತ್ರ ಮೌಸ್ ಕುಂಟುತ್ತದೆ ಎಂದರೆ ಕಾರಣ ಇದೇ ಎಂದು ತಿಳಿಯಿರಿ. ಇಪ್ಪತ್ತು ಮೂವತ್ತು ಕಂಪ್ಯೂಟರ್ ಇರುವ ತರಬೇತಿ ಕೇಂದ್ರಗಳಿಗೆ ವೈರ್‌ಲೆಸ್ ಬೇಡವೇ ಬೇಡ. ಗದ್ದಲ ಒಂದು ಕಡೆ, ಯಾವ ಡಾಂಗಲ್ ಯಾವ ಕೀಬೋರ್ಡಿನದು ಎಂದು ಹುಡುಕುವುದು ಇನ್ನೊಂದು ಕಡೆ.

ಕದ್ದು ಕೇಳುವುದು. ವೈರ್‌ಲೆಸ್ ಕೀಬೋರ್ಡ್ ನೀವು ಒತ್ತಿದ್ದನ್ನೆಲ್ಲ ಗಾಳಿಯಲ್ಲಿ ಕಳಿಸುತ್ತದೆ. ಅಗ್ಗದ ಕೆಲವು ಕೀಬೋರ್ಡ್‌ಗಳು ಅದನ್ನು ಗೂಢಲಿಪಿ ಮಾಡದೆ ಹಾಗೇ ಕಳಿಸುತ್ತವೆ, ಹತ್ತಾರು ಮೀಟರ್ ದೂರದಿಂದಲೂ ಹಿಡಿಯಬಹುದು ಎಂದು ಭದ್ರತಾ ಸಂಶೋಧಕರು 2016ರಲ್ಲಿ ಮಾಡಿ ತೋರಿಸಿದ್ದರು. ಬ್ಯಾಂಕ್ ಪಾಸ್‌ವರ್ಡ್, ಗಿರಾಕಿಗಳ ಆಧಾರ್ ಸಂಖ್ಯೆ ಹೊಡೆಯುವವರು ವೈರ್ ಬಳಸಿ. ವೈರ್‌ಲೆಸ್ಸೇ ಆಗಬೇಕೆಂದರೆ ಪೆಟ್ಟಿಗೆ ಮೇಲೆ ‘ಎಇಎಸ್ 128’ (ಒಂದು ಬಗೆಯ ಗೂಢಲಿಪಿ) ಎಂದಿರುವುದನ್ನು ಅಥವಾ ಬ್ಲೂಟೂತ್ ಇರುವುದನ್ನು ಕೊಳ್ಳಿ.

ಹಾಗಾದರೆ ವೈರ್‌ಲೆಸ್ ಯಾರಿಗೆ? ಪ್ರೊಜೆಕ್ಟರ್ ಹಾಕಿ ಪಾಠ ಮಾಡುವ ಶಿಕ್ಷಕರಿಗೆ, ಟಿವಿಗೆ ಕಂಪ್ಯೂಟರ್ ಜೋಡಿಸಿದವರಿಗೆ, ಲ್ಯಾಪ್‌ಟಾಪ್ ಹೊತ್ತು ಬೀದರ, ಯಾದಗಿರಿ ಎಂದು ತಿರುಗುವವರಿಗೆ ಕಣ್ಣುಮುಚ್ಚಿ ವೈರ್‌ಲೆಸ್. ತಿರುಗುವವರಿಗೆ ಬ್ಲೂಟೂತ್ ಮೌಸ್ ಮೇಲು, ಕಳೆಯಲು ಡಾಂಗಲ್ಲೇ ಇರುವುದಿಲ್ಲ.

ಹಂತ 4: ನಿಮ್ಮ ಜಾಗ ನೋಡಿ

ಇಲಿ ಇರುವ ಗೋದಾಮು, ಅಡತಿ ಅಂಗಡಿಗಳಲ್ಲಿ ನೆಲದ ಮೇಲೆ ಹಾದುಹೋದ ವೈರ್ ಹೆಚ್ಚು ದಿನ ಉಳಿಯುವುದಿಲ್ಲ. ಅಲ್ಲಿ ವೈರನ್ನು ಮೇಜಿನ ಕೆಳಮೈಗೆ ಪಿವಿಸಿ ಪಟ್ಟಿಯೊಳಗೆ ಹಾಕಿ ಮೇಲಿನಿಂದಲೇ ಸಿಪಿಯುಗೆ ಇಳಿಸಿ. ಅದು ಆಗುವ ಮಾತಲ್ಲ ಎಂದಾದರೆ ಮಾತ್ರ ವೈರ್‌ಲೆಸ್.

ಡಿಸೆಂಬರಿನಿಂದ ತೊಗರಿ ಬರಲು ಶುರುವಾದರೆ ಗಂಜಿನಲ್ಲಿ, ಕಪನೂರಿನ ದಾಲ್ ಮಿಲ್‌ಗಳಲ್ಲಿ ಧೂಳು, ಹೊಟ್ಟು ಎಲ್ಲೆಂದರಲ್ಲಿ. ಈ ಧೂಳಿಗೆ ವೈರ್, ವೈರ್‌ಲೆಸ್ ಎಂಬ ಭೇದವಿಲ್ಲ. ಇಂಥ ಕಡೆ ದುಬಾರಿ ಕೀಬೋರ್ಡ್ ಹಾಕದೆ, ಕಡಿಮೆ ಬೆಲೆಯ ವೈರ್ ಕೀಬೋರ್ಡ್ ಮೇಲೆ ಸಿಲಿಕಾನ್ ಹೊದಿಕೆ ಹಾಕಿ, ಕೆಟ್ಟಾಗ ಬದಲಿಸುವುದೇ ಲಾಭ.

ಬೇಸಿಗೆಯಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ತಗಡಿನ ಸೂರಿನ ಕೆಳಗೆ ಇನ್ನೂ ಜಾಸ್ತಿ. ಮೌಸಿನೊಳಗೇ ಲಿಥಿಯಂ ಬ್ಯಾಟರಿ ಇದ್ದರೆ ಮಧ್ಯಾಹ್ನ ಚಾರ್ಜಿಗೆ ಹಾಕಬೇಡಿ. ಈ ಬ್ಯಾಟರಿಗಳನ್ನು ಚಾರ್ಜ್ ಮಾಡಲು ಸಾಮಾನ್ಯ ಮಿತಿಯೇ 45 ಡಿಗ್ರಿ. ಬೆಳಗಿನ ಹೊತ್ತು ಹಾಕಿ. ಬಿಡಿ ಬ್ಯಾಟರಿ ಹಾಕುವಂಥದ್ದಾದರೆ ಆಲ್ಕಲೈನ್ ಎಂದು ಕೇಳಿ ತನ್ನಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಗ ಸೋರುತ್ತದೆ. ಹಳೇದು ಹೊಸದು ಬೆರೆಸಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಎಂದಾದರೆ ಸೆಲ್ ತೆಗೆದಿಡಿ.

ಕೈಗೆ ಜುಮ್ಮೆನ್ನುತ್ತದೆ, ಅದಕ್ಕೇ ವೈರ್‌ಲೆಸ್ ಬೇಕು ಎನ್ನುವವರಿದ್ದಾರೆ. ತಡೆಯಿರಿ. ಅದು ಕೀಬೋರ್ಡಿನ ದೋಷವಲ್ಲ, ಅರ್ಥಿಂಗ್ ಇಲ್ಲದ್ದರ ಗುರುತು. ಅರ್ಥಿಂಗ್ ಇಲ್ಲದಿದ್ದರೆ ಸಿಪಿಯು ಒಳಗೆ ಕರೆಂಟ್ ಪೂರೈಸುವ ಭಾಗವಾದ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಲೋಹದ ಕ್ಯಾಬಿನೆಟ್ಟಿಗೆ ಸುಮಾರು ಅರ್ಧ ವೋಲ್ಟೇಜ್ ಏರಿ ಕೂಡುತ್ತದೆ, ಯುಎಸ್‌ಬಿ ವೈರಿನ ಲೋಹದ ಕವಚದಲ್ಲೂ ಅದೇ. ವೈರ್‌ಲೆಸ್ ತಂದರೆ ಜುಮ್ಮೆನ್ನುವುದು ನಿಲ್ಲುತ್ತದೆ, ಅಪಾಯ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ: ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಫೇಸ್‌ನಿಂದ ನ್ಯೂಟ್ರಲ್‌ಗೆ ಇರುವಷ್ಟೇ ವೋಲ್ಟೇಜ್ ತೋರಿಸಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಮೊದಲು ಅದಕ್ಕೆ ನೀರು ಹಾಕಿಸಿ.

ಮೌಸ್ ಓಡಿಸುವ ಮೇಲ್ಮೈ ಬಗ್ಗೆ ಒಂದೇ ಮಾತು. ಪಾಲಿಶ್ ಆಗದ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಆಪ್ಟಿಕಲ್ ಮೌಸ್ ಓಡುತ್ತದೆ. ಗಾಜಿನ ಕೌಂಟರ್, ಹೊಳೆಯುವ ಕಪ್ಪು ಗ್ರಾನೈಟ್ ಮೇಲೆ ತಡವರಿಸುತ್ತದೆ. ಬಟ್ಟೆಯ ಪ್ಯಾಡ್ ಹಾಕಿ, ಮುಗಿಯಿತು.

ಹಂತ 5: ಅಂಗಡಿಯಲ್ಲೇ ಪರೀಕ್ಷೆ

ಕೇಳಲು ಸಂಕೋಚ ಬೇಡ: “ಅಣ್ಣಾ, ಇದರಾಗ ಸ್ಕ್ರೋಲ್ ಲಾಕ್ ಬೇರೆ ಅದ ಏನು, ಇಲ್ಲಾ ಎಫ್ಎನ್ ಒತ್ತಬೇಕು? ಒಮ್ಮೆ ಹಚ್ಚಿ ತೋರಿಸ್ರಿ.” ಹಚ್ಚಿದ ಮೇಲೆ ಈ ಕ್ರಮದಲ್ಲಿ ನೋಡಿ.

ಮೇಲೆ ಹೇಳಿದ ಪರದೆ ಕೀಬೋರ್ಡ್ ತೆರೆಸಿ ಕೀಗಳನ್ನೆಲ್ಲ ಸಾಲಾಗಿ ಒತ್ತಿ. ಒತ್ತಿದ ಕೀ ಪರದೆ ಮೇಲೂ ಮಿನುಗಬೇಕು. ಶಿಫ್ಟ್, ಸ್ಪೇಸ್ ಬಾರ್, ಎಂಟರ್ ಈ ಉದ್ದನೆಯ ಕೀಗಳನ್ನು ನಡುವೆ ಮಾತ್ರವಲ್ಲ, ಎರಡೂ ತುದಿಯಲ್ಲಿ ಒತ್ತಿ ನೋಡಿ. ಅಗ್ಗದವು ತುದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ವೈರ್ ಇರುವುದಾದರೆ ವೈರ್ ಮೌಸಿನಿಂದ ಹೊರಬರುವ ಜಾಗದಲ್ಲಿ ಹಿಡಿದು ಮೆಲ್ಲಗೆ ಅತ್ತಿತ್ತ ಬಾಗಿಸುತ್ತ ಮೌಸ್ ಓಡಿಸಿ. ಬಾಣ ನಿಂತರೆ ಅದು ಬೇಡ. ವೈರ್ ಮೌಸ್‌ಗಳು ಸಾಯುವುದು ಹೆಚ್ಚಾಗಿ ಅಲ್ಲೇ. ವೈರ್‌ಲೆಸ್ ಆದರೆ ಡಾಂಗಲ್ ಪೆಟ್ಟಿಗೆಯಲ್ಲಿದೆಯೇ ನೋಡಿ, ಅನೇಕ ಸಲ ಮೌಸಿನ ಬ್ಯಾಟರಿ ಮನೆಯೊಳಗೆ ಸೇರಿಸಿಟ್ಟಿರುತ್ತಾರೆ, ಖಾಲಿ ಪೆಟ್ಟಿಗೆ ಜೊತೆ ಎಸೆದುಬಿಡಬೇಡಿ.

ಡಾಂಗಲ್ ಕಳೆದರೆ ಬೇರೆ ಸಿಗುತ್ತದೆಯೇ ಎಂಬುದನ್ನೂ ಕೇಳಿ. ಹೆಚ್ಚಿನ ಸೆಟ್‌ಗಳಲ್ಲಿ ಡಾಂಗಲ್ ಮತ್ತು ಕೀಬೋರ್ಡಿನ ಜೋಡಿ ಕಾರ್ಖಾನೆಯಲ್ಲೇ ಆಗಿರುತ್ತದೆ. ಡಾಂಗಲ್ ಹೋದರೆ ಸೆಟ್ಟೇ ಹೋದಂತೆ. ಲಾಜಿಟೆಕ್‌ನ ಯೂನಿಫೈಯಿಂಗ್, ಬೋಲ್ಟ್ ಗುರುತಿರುವವಕ್ಕೆ ಬೇರೆ ಡಾಂಗಲ್ ಜೋಡಿಸಬಹುದು, ಒಂದರಲ್ಲೇ ಆರು ಸಾಧನದವರೆಗೆ ನಡೆಯುತ್ತದೆ.

ವೈರ್‌ಲೆಸ್ ಕೀಬೋರ್ಡಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿಯ ಹೆಸರು ಬರುತ್ತದೆ. ಪಕ್ಕಾ ಬಿಲ್ ತಗೊಳ್ಳಿ, ವಾರಂಟಿಗೆ ಅಂಗಡಿಯವರೇ ಕಳಿಸಿಕೊಡುತ್ತಾರೋ ನೀವೇ ಸರ್ವಿಸ್ ಸೆಂಟರಿಗೆ ಹೋಗಬೇಕೋ ಎಂದು ಬಿಲ್ಲಿನ ಮೇಲೆಯೇ ಬರೆಸಿ. ಆನ್‌ಲೈನಿನಲ್ಲಿ ತರಿಸುವ ಹಳ್ಳಿ, ತಾಲೂಕಿನವರು ತಮ್ಮ ಪಿನ್ ಕೋಡಿಗೆ ವಾಪಸ್ ಒಯ್ಯುವ ವ್ಯವಸ್ಥೆ ಇದೆಯೇ ಎಂದು ಆರ್ಡರಿಗೆ ಮುಂಚೆ ನೋಡಿ.

ಹಂತ 6: ಜೋಡಿಸುವುದು

ವೈರ್ ಇರುವುದಕ್ಕೆ ಹೇಳುವಂಥದ್ದೇನಿಲ್ಲ, ಹಿಂದಿನ ಪೋರ್ಟಿಗೆ ಚುಚ್ಚಿ. ಮುಂದಿನ ಪೋರ್ಟ್‌ಗಳನ್ನು ಪೆನ್‌ಡ್ರೈವ್‌ಗೆ ಬಿಡಿ.

ಡಾಂಗಲ್ ಇರುವುದನ್ನು ಸಿಪಿಯು ಹಿಂದೆ ಚುಚ್ಚಬೇಡಿ. ಲೋಹದ ಕ್ಯಾಬಿನೆಟ್ ನಡುವೆ ಅಡ್ಡ ಬರುತ್ತದೆ. ಮುಂದಿನ ಕಪ್ಪು ಪೋರ್ಟ್ ಒಳ್ಳೆಯದು. ಅಲ್ಲಿ ನೀಲಿ ಪೋರ್ಟ್ ಮಾತ್ರ ಇದ್ದರೆ ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ವೈರ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ, ಕೀಬೋರ್ಡಿನ ಹತ್ತಿರ ತನ್ನಿ. ವೈರ್‌ಲೆಸ್ಸಿಗೂ ವೈರ್ ಬೇಕೇ ಎಂದು ನಗಬೇಡಿ, ಕುಂಟುವ ಮೌಸ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ನೆಟ್ಟಗಾಗುತ್ತವೆ.

ಬ್ಲೂಟೂತ್ ಆದರೆ ಸಾಧನದ ಜೋಡಣೆ ಗುಂಡಿಯನ್ನು ದೀಪ ಬೇಗಬೇಗ ಮಿನುಗುವವರೆಗೆ ಒತ್ತಿ ಹಿಡಿಯಿರಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ತೆರೆದು ಹೊಸ ಸಾಧನ ಸೇರಿಸಿ. ಕೀಬೋರ್ಡಾದರೆ ಪರದೆ ಮೇಲೆ ಆರಂಕಿಯ ಸಂಖ್ಯೆ ಬರಬಹುದು. ಅದನ್ನು ಹೊಸ ಕೀಬೋರ್ಡಿನಲ್ಲೇ ಹೊಡೆದು ಎಂಟರ್ ಒತ್ತಬೇಕು, ಹಳೆಯದರಲ್ಲಲ್ಲ. ವಿಂಡೋಸ್ ಶುರುವಾಗುವ ಮುಂಚೆ, ಅಂದರೆ ಬಯೋಸ್ ಪರದೆಯಲ್ಲಿ, ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಹಳೇ ವೈರ್ ಕೀಬೋರ್ಡನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ.

ಹಂತ 7: ತೊಂದರೆ ಬಂದರೆ

ಸ್ವಲ್ಪ ಹೊತ್ತು ಬಿಟ್ಟು ಬಂದಾಗಲೆಲ್ಲ ಸ್ತಬ್ಧ: ಡಿವೈಸ್ ಮ್ಯಾನೇಜರ್ ತೆರೆಯಿರಿ, ಯುಎಸ್‌ಬಿ ರೂಟ್ ಹಬ್, ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್. ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬರ್ಥದ ಸಾಲಿನ ಗುರುತು ತೆಗೆಯಿರಿ. ವೈರ್ ಸಾಧನಗಳಿಗೂ ಇದು ಅನ್ವಯಿಸುತ್ತದೆ.

ಹೊಸ ಸೆಲ್ ಹಾಕಿದರೂ ಚಾರ್ಜ್ ಕಡಿಮೆ ಎನ್ನುತ್ತದೆ: ರೀಚಾರ್ಜ್ ಸೆಲ್ ಹಾಕಿದ್ದೀರಾ ನೋಡಿ. ಮಾಮೂಲಿ ಸೆಲ್ 1.5 ವೋಲ್ಟ್, ರೀಚಾರ್ಜ್ ಸೆಲ್ 1.2 ವೋಲ್ಟ್. ಸೂಚನೆ ತಪ್ಪು ತೋರಿಸುತ್ತದೆ ಅಷ್ಟೇ, ಕೆಲಸ ನಡೆಯುತ್ತದೆ.

ಬ್ಯಾಟರಿ ಮನೆಯಲ್ಲಿ ಬಿಳಿ ಪುಡಿ: ಆಲ್ಕಲೈನ್ ಸೆಲ್ ಸೋರಿದೆ. ಕೈಗೆ ಗ್ಲೌಸ್ ಹಾಕಿ ಸೆಲ್ ತೆಗೆಯಿರಿ. ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸದಲ್ಲಿ ತುಸುವೇ ಅದ್ದಿ ಲೋಹದ ತಗಡುಗಳನ್ನಷ್ಟೇ ಒರೆಸಿ. ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಆ ಪುಡಿ ಕಣ್ಣಿಗೆ ತಾಗಬಾರದು.

ಕೀ ಅಂಟಿಕೊಳ್ಳುತ್ತದೆ: ವೈರ್ ಕಿತ್ತು ಅಥವಾ ಸೆಲ್ ತೆಗೆದು, ಕೀಬೋರ್ಡನ್ನು ಬೋರಲು ಹಾಕಿ ತಟ್ಟಿ. ಕೀ ಎಬ್ಬಿಸುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸ್ಪೇಸ್ ಬಾರ್ ಎಬ್ಬಿಸಬೇಡಿ, ಕೆಳಗೆ ತಂತಿ ಕೊಕ್ಕೆ ಇರುತ್ತದೆ, ಒಮ್ಮೆ ಬಾಗಿದರೆ ಮತ್ತೆ ಸರಿಯಾಗಿ ಕೂಡುವುದಿಲ್ಲ. ಗಾಜು ಒರೆಸುವ ದ್ರವವನ್ನು ನೇರವಾಗಿ ಸಿಂಪಡಿಸಬಾರದು, ಬಟ್ಟೆಗೆ ಹಚ್ಚಿ ಒರೆಸಿ.

ಮೌಸಿನ ಬಾಣ ನೆಗೆಯುತ್ತದೆ: ಮೌಸ್ ಬೋರಲು ಹಾಕಿ ಸೆನ್ಸರ್ ಕಿಂಡಿಯಲ್ಲಿ ಕೂದಲೆಳೆ, ಹೊಟ್ಟು ಇದೆಯೇ ನೋಡಿ, ಒಣ ಹತ್ತಿಯಿಂದ ತೆಗೆಯಿರಿ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗಿ ಫೈಲ್ ತೆರೆದುಕೊಳ್ಳುತ್ತಿದ್ದರೆ ಅದು ಗುಂಡಿಯ ಕೆಳಗಿನ ಸ್ವಿಚ್ ಸವೆದದ್ದು, ಸೆಟ್ಟಿಂಗ್‌ನಿಂದ ಹೋಗುವುದಿಲ್ಲ. ವಾರಂಟಿ ಇದ್ದರೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ, ಮುನ್ನೂರು ರೂಪಾಯಿ ಮೌಸಿಗೆ ಸ್ವಿಚ್ ಹಾಕಿಸುವ ಕೂಲಿ ಲೆಕ್ಕ ಹಾಕಿದರೆ ಹೊಸದೇ ಅಗ್ಗ.